ರಸ್ತೆಯ ಕೆಳಗೆ ಬಟ್ಟೆ, ಸಿಮೆಂಟಿನಲ್ಲಿ ಬೂದಿ: ಇದು ಕಲಬೆರಕೆಯೇ?

ಜಲ್ಲಿ ಸುರಿಯುವ ಮೊದಲು ಮಣ್ಣಿನ ಮೇಲೆ ಉದ್ದಕ್ಕೂ ಬಿಳಿ ಅಥವಾ ಕಪ್ಪು ಬಟ್ಟೆ ಹಾಸುತ್ತಿರುವ ಕೆಲಸಗಾರರು. ಹಿನ್ನೆಲೆಯಲ್ಲಿ ಸಿಟ್ಟಿನ ದನಿ: ಕಲ್ಲು ಹಾಕಬೇಕಾದ ಜಾಗದಲ್ಲಿ ಬಟ್ಟೆ ಹಾಕುತ್ತಿದ್ದಾರೆ, ನಮ್ಮ ತೆರಿಗೆ ದುಡ್ಡು ಹೀಗೆ ಹೋಗುತ್ತಿದೆ, ಎಲ್ಲರಿಗೂ ಶೇರ್ ಮಾಡಿ! ಈ ಧಾಟಿಯ ವಿಡಿಯೋ ನಿಮ್ಮ ಗುಂಪಿಗೂ ಬಂದಿರಬಹುದು. ಇದರ ಅಣ್ಣನಂತಿರುವ ಇನ್ನೊಂದು ಫಾರ್ವರ್ಡ್ ಮನೆ ಕಟ್ಟುವವರನ್ನು ಹೆದರಿಸುತ್ತದೆ: ಬೂದಿ ಬೆರೆಸಿದ ಸಿಮೆಂಟ್ ಕೊಳ್ಳಬೇಡಿ, ಮನೆ ನಿಲ್ಲುವುದಿಲ್ಲ.

ಎರಡರ ಹಿಂದೆಯೂ ಇರುವುದು ಒಂದೇ ಗುಮಾನಿ. ಕಲ್ಲಿನ ಜಾಗದಲ್ಲಿ, ಸಿಮೆಂಟಿನ ಜಾಗದಲ್ಲಿ ಬೇರೆ ಏನು ಬಂದರೂ ಅದು ಕಲಬೆರಕೆಯೇ ಎಂಬುದು. ನಮ್ಮಲ್ಲಿ ಕಾಮಗಾರಿಗಳು ನಡೆಯುವ ರೀತಿ ನೋಡಿದರೆ ಈ ಗುಮಾನಿ ಬರುವುದು ಸಹಜವೇ. ಆದರೆ ಇಲ್ಲಿ ಅದು ತಪ್ಪು ಕಡೆ ಬೆರಳು ತೋರಿಸುತ್ತಿದೆ.

ಆ ಬಟ್ಟೆಯ ಹೆಸರು ಜಿಯೋಟೆಕ್ಸ್‌ಟೈಲ್, ಅಂದರೆ ಮಣ್ಣಿನೊಳಗೆ ಬಳಸುವ ಜವಳಿ. ಈ ಪದವನ್ನು 1977ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೆ.ಪಿ. ಜಿರೂ ಬಳಕೆಗೆ ತಂದರು. ಕಲ್ಪನೆ ಅದಕ್ಕಿಂತ ಹಳೆಯದು. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ 1926ರಲ್ಲೇ ಹತ್ತಿ ಬಟ್ಟೆ ಹಾಸಿ, ಮೇಲೆ ಡಾಂಬರು ಹಾಕಿ ರಸ್ತೆ ಮಾಡಿ ನೋಡಿದ್ದರು. ಬಟ್ಟೆ ಕೊಳೆಯುವವರೆಗೂ ಬಿರುಕು, ಕುಸಿತ ಕಡಿಮೆ ಇತ್ತು ಎಂಬ ಫಲಿತಾಂಶ 1935ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಇದಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಇದೆ (ಐಆರ್‌ಸಿ ಎಸ್‌ಪಿ 59). ಅಂದರೆ ಇದು ಕಂಟ್ರಾಕ್ಟರ್ ತನ್ನ ತಲೆಯಿಂದ ಹುಟ್ಟಿಸಿದ ಉಪಾಯವಲ್ಲ.

ಬಟ್ಟೆಯಿಂದ ಆಗುವ ಕೆಲಸವೇನು? ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಮಳೆಗಾಲ ನಡೆದು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಣಗಿದಾಗ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಆ ನೆಲ ನೀರು ಬಿದ್ದೊಡನೆ ಉಬ್ಬಿ ಅಂಟಾಗುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ ಹಾಕಿ ಲಾರಿ ಓಡಿಸಿದರೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಕಲ್ಲು ಕೆಳಗಿನ ಮೆತ್ತನೆ ಮಣ್ಣಿಗೆ ಇಳಿಯುತ್ತದೆ, ಕೆಸರು ಕಲ್ಲುಗಳ ಸಂದಿಯಿಂದ ಮೇಲೆ ಬರುತ್ತದೆ. ಹತ್ತು ಬುಟ್ಟಿ ಕೆಸರಿನ ಮೇಲೆ ಹತ್ತು ಬುಟ್ಟಿ ಜಲ್ಲಿ ಸುರಿದರೆ ಕೊನೆಗೆ ಉಳಿಯುವುದು ಇಪ್ಪತ್ತು ಬುಟ್ಟಿ ಕೆಸರು. ಕಡತದಲ್ಲಿ ಒಂದು ಅಡಿ ಜಲ್ಲಿ ಇದ್ದರೂ ಎರಡನೇ ಮಳೆಗಾಲಕ್ಕೆ ಕೆಲಸಕ್ಕೆ ಬರುವುದು ಅರ್ಧ ಅಡಿ ಮಾತ್ರ.

ನಡುವೆ ಬಟ್ಟೆ ಇದ್ದರೆ ಕಲ್ಲು ಮೇಲೇ ನಿಲ್ಲುತ್ತದೆ, ಮಣ್ಣು ಕೆಳಗೇ ಉಳಿಯುತ್ತದೆ, ನೀರು ಮಾತ್ರ ದಾಟುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಸೋರಿ ಗಟ್ಟಿ ಭಾಗ ಒಳಗೆ ಉಳಿಯುತ್ತದಲ್ಲ, ಹಾಗೆ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು: ಎರೆಮಣ್ಣು ಉಬ್ಬುವುದನ್ನು ಈ ಬಟ್ಟೆ ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಚರಂಡಿ ಇಲ್ಲದ ರಸ್ತೆಗೆ ಎಂಥ ಬಟ್ಟೆ ಹಾಸಿದರೂ ಅದು ಹಾಳಾಗುತ್ತದೆ.

ಈಗ ಇಂಗಾಲದ ಲೆಕ್ಕಕ್ಕೆ ಬರೋಣ. ಒಂದು ಕಿಲೋಮೀಟರ್ ಹಳ್ಳಿ ರಸ್ತೆ, ಅಗಲ 3.75 ಮೀಟರ್ ಎಂದಿಟ್ಟುಕೊಳ್ಳಿ. ಬಟ್ಟೆ ಇರುವ ಕಾರಣಕ್ಕೆ ವಿನ್ಯಾಸದಲ್ಲಿ ಜಲ್ಲಿಯ ದಪ್ಪ 10 ಸೆಂ.ಮೀ. ಕಡಿಮೆಯಾಯಿತು ಎನ್ನೋಣ. ಉಳಿದದ್ದು 375 ಘನ ಮೀಟರ್, ಅಂದರೆ ಸುಮಾರು 800 ಟನ್ ಕಲ್ಲು. ಹತ್ತು ಟನ್ ಹೊರುವ ಲಾರಿಗೆ 80 ಲೋಡು. ಅಷ್ಟೇ ಜಾಗಕ್ಕೆ ಹಾಸುವ ಬಟ್ಟೆ, ಚದರ ಮೀಟರಿಗೆ 200 ಗ್ರಾಂ ತೂಗುವಂಥದ್ದಾದರೆ, ಒಟ್ಟು 750 ಕೆ.ಜಿ. ಒಂದು ಸಣ್ಣ ಗಾಡಿಯಲ್ಲಿ ಬಂದುಬಿಡುತ್ತದೆ. ಕ್ವಾರಿಯಲ್ಲಿ ಸಿಡಿಸಿ, ಕ್ರಷರ್‌ನಲ್ಲಿ ಒಡೆದು, ಡೀಸೆಲ್ ಸುಟ್ಟು ತರಬೇಕಾದ 80 ಲೋಡು ಉಳಿಯುವುದರಲ್ಲಿ ಲಾಭವಿದೆ. ಬಟ್ಟೆ ತಾನಾಗಿ ಹಸಿರು ವಸ್ತು ಎಂಬುದು ಇದರ ಅರ್ಥವಲ್ಲ.

ಏಕೆಂದರೆ ಬಹುಪಾಲು ಜಿಯೋಟೆಕ್ಸ್‌ಟೈಲ್‌ಗಳು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನಿಂದ ಆದವು. ಅಂದರೆ ಪ್ಲಾಸ್ಟಿಕ್ಕೇ, ಪೆಟ್ರೋಲಿಯಂನಿಂದಲೇ ಬಂದದ್ದು. ಅವು ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತವೆ; ಅಣೆಕಟ್ಟಿನ ಒಳಗೆ, ತಡೆಗೋಡೆಯ ಹಿಂದೆ ಹಾಗೆ ಉಳಿಯಬೇಕಾದದ್ದೇ. ಬಟ್ಟೆ ಹಾಸಿಯೂ ಜಲ್ಲಿಯ ದಪ್ಪ ಕಡಿಮೆ ಮಾಡದೆ, ರಸ್ತೆಯೂ ಹೆಚ್ಚು ಕಾಲ ಬಾಳದೆ ಹೋದರೆ ಪರಿಸರದ ಲೆಕ್ಕದಲ್ಲಿ ನಷ್ಟ.

ನಾರಿನ ಬಟ್ಟೆಗಳೂ ಇವೆ, ಸೆಣಬಿನವು ಮತ್ತು ತೆಂಗಿನ ನಾರಿನವು. ಇವುಗಳ ಬಗ್ಗೆ ಬರುವ ಆಕ್ಷೇಪ ಬೇರೆ: ಕೊಳೆತು ಹೋಗುವುದನ್ನು ಯಾಕೆ ಹಾಕುತ್ತಾರೆ? ಕೊಳೆಯುವುದು ನಿಜ. ಸೆಣಬು ಒಂದೆರಡು ವರ್ಷ, ತೆಂಗಿನ ನಾರು ಅದಕ್ಕಿಂತ ಹೆಚ್ಚು ಬಾಳುತ್ತದೆ. ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಶೇ. 40ಕ್ಕೂ ಮೀರಿ ಇರುವುದು ಅದಕ್ಕೆ ಕಾರಣ. ಆದರೆ ಕೆಲವು ಕಡೆ ಬಟ್ಟೆಗೆ ಅಷ್ಟೇ ಆಯುಷ್ಯ ಸಾಕು. ರಸ್ತೆಯ ಪಕ್ಕದ ಇಳಿಜಾರಿನಲ್ಲಿ ಹುಲ್ಲಿನ ಬೇರು ಮಣ್ಣು ಹಿಡಿಯುವವರೆಗೆ ಅದು ಇರಬೇಕು, ಆಮೇಲೆ ಗೊಬ್ಬರವಾದರೂ ಸರಿ. ಹಳ್ಳಿ ರಸ್ತೆಯ ಕೆಳಗೂ ಮೊದಲ ಒಂದೆರಡು ವರ್ಷ ನೀರು ಬಸಿದು, ಮಣ್ಣು ಒತ್ತಿ ಗಟ್ಟಿಯಾಗುವ ಅವಧಿಯೇ ಕಷ್ಟದ್ದು. ಬೇಲಿಯ ಬಳ್ಳಿ ಹಬ್ಬುವವರೆಗೆ ನೆಡುವ ಊರುಗೋಲಿನಂತೆ.

2020ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ತೆಂಗಿನ ನಾರಿನ ಬಟ್ಟೆ ಬಳಸಲು ಒಪ್ಪಿ, ಏಳು ರಾಜ್ಯಗಳಲ್ಲಿ 1,674 ಕಿ.ಮೀ. ರಸ್ತೆಯನ್ನು ಗುರುತಿಸಿತು. ಒಡಿಶಾಕ್ಕೆ 470, ತಮಿಳುನಾಡಿಗೆ 369, ಮಹಾರಾಷ್ಟ್ರಕ್ಕೆ 328 ಕಿ.ಮೀ. ಸಿಕ್ಕಿತು. ಆಂಧ್ರ, ಗುಜರಾತ್, ತೆಲಂಗಾಣ, ಕೇರಳಗಳೂ ಇದ್ದವು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ತಿಪಟೂರಿನಂಥ ಕೊಬ್ಬರಿ ಮಾರುಕಟ್ಟೆ ಇರುವ, ತುಮಕೂರು, ಹಾಸನದ ತೋಟಗಳಲ್ಲಿ ತೆಂಗಿನ ಸಿಪ್ಪೆ ರಾಶಿ ಬೀಳುವ ರಾಜ್ಯ ನಮ್ಮದು. ಸಿಟ್ಟು ಬರಬೇಕಾದರೆ ಇದಕ್ಕೆ ಬರಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಬೂದಿ ಸಿಮೆಂಟ್. ಸಿಮೆಂಟಿನ ಮೂಲ ಸುಣ್ಣದ ಕಲ್ಲು. ಅದನ್ನು ಸುಮಾರು 1,450 ಡಿಗ್ರಿ ಬಿಸಿಯಲ್ಲಿ ಸುಟ್ಟು ಕ್ಲಿಂಕರ್ ಎಂಬ ಗಟ್ಟಿ ಉಂಡೆ ಮಾಡುತ್ತಾರೆ. ಕುಲುಮೆಗೆ ಹಾಕುವ ಕಲ್ಲಿದ್ದಲಿನ ಹೊಗೆ ಒಂದು ಕಡೆಯಾದರೆ, ಕಲ್ಲಿನೊಳಗೇ ಇರುವ ಇಂಗಾಲ ಇನ್ನೊಂದು ಕಡೆ: ನೂರು ಕೆ.ಜಿ. ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸೌರ ವಿದ್ಯುತ್ತಿನಲ್ಲಿ ಸುಟ್ಟರೂ ಈ ಭಾಗ ತಪ್ಪದು. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8 ಸಿಮೆಂಟಿನದು. ಹಾಗಾಗಿ ಕ್ಲಿಂಕರ್ ಕಡಿಮೆ ಮಾಡುವುದೇ ದಾರಿ. ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಬೆರೆಸಲು ಭಾರತೀಯ ಮಾನಕವೇ ಅನುಮತಿ ಕೊಡುತ್ತದೆ. ಶಾಖೋತ್ಪನ್ನ ಸ್ಥಾವರಗಳ ಚಿಮಣಿಯಲ್ಲಿ ಹಿಡಿಯುವ ನುಣುಪು ಬೂದಿ ಇದು, ಒಲೆಯ ಬೂದಿಯಲ್ಲ. ಸಿಮೆಂಟ್ ನೀರು ಸೇರಿದಾಗ ಉಳಿಯುವ ಸುಣ್ಣದ ಜೊತೆ ಇದು ನಿಧಾನವಾಗಿ ಕೂಡಿಕೊಂಡು ಮತ್ತಷ್ಟು ಅಂಟಾಗುತ್ತದೆ.

ನಿಧಾನವಾಗಿ ಎಂಬ ಮಾತೇ ಮುಖ್ಯ. ಫಾರ್ವರ್ಡ್‌ನಲ್ಲಿ ಸತ್ಯದ ಎಳೆ ಇರುವುದೂ ಅಲ್ಲೇ. ಪಿಪಿಸಿ ಮೊದಲ ದಿನಗಳಲ್ಲಿ ಮಂದ; 28 ದಿನಗಳ ನಂತರವೂ ಬಲ ಏರುತ್ತಲೇ ಇರುತ್ತದೆ. ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಹಾಯಿಸಬೇಕು, ಪಿಪಿಸಿಗೆ ಕನಿಷ್ಠ 10 ದಿನ. ಬಿಸಿಲು ಜೋರಿದ್ದರೆ 14 ದಿನ. ಮೇಸ್ತ್ರಿ ಐದನೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸಿ, ಓಪಿಸಿಯ ಲೆಕ್ಕದಲ್ಲೇ ಸೆಂಟ್ರಿಂಗ್ ಬಿಚ್ಚಿ, ಆಮೇಲೆ ಬಿರುಕು ಬಿಟ್ಟರೆ ಬೈಗುಳ ಬೂದಿಗೆ. ಆದರೆ ಅಂಗಡಿಯಿಂದ ಬಿಡಿಯಾಗಿ ಬೂದಿ ತಂದು ಸೈಟಿನಲ್ಲಿ ಸಲಿಕೆಯಿಂದ ಬೆರೆಸುವವರಿದ್ದರೆ ಖಂಡಿತ ತಡೆಯಿರಿ. ಅದು ನಿಜವಾದ ಕಲಬೆರಕೆ.

ಬೂದಿಗೂ ಮಿತಿ ಇದೆ. ಕಲ್ಲಿದ್ದಲು ಸುಡುವುದು ಕಡಿಮೆಯಾದಂತೆ ಬೂದಿಯೂ ಕಡಿಮೆಯಾಗುತ್ತದೆ. ಅದಕ್ಕೇ ಸುಟ್ಟ ಜೇಡಿಮಣ್ಣು ಮತ್ತು ಹಸಿ ಸುಣ್ಣದ ಕಲ್ಲಿನ ಪುಡಿ ಬೆರೆಸಿ, ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಎಲ್‌ಸಿ3 ಎಂಬ ಸಿಮೆಂಟ್ ಬಂದಿದೆ. ಸ್ವಿಟ್ಜರ್ಲೆಂಡ್, ಕ್ಯೂಬಾ, ಭಾರತದ ಸಂಶೋಧಕರು ಕೂಡಿ ಬೆಳೆಸಿದ್ದು. ನಮ್ಮಲ್ಲಿ 2023ರಲ್ಲಿ ಇದಕ್ಕೆ ಬಿಐಎಸ್ ಮಾನಕವೂ ಬಂತು. ಗೋಡೆಗಾದರೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ, ಶೇ. 6ರಿಂದ 8 ಸಿಮೆಂಟ್ ಸೇರಿಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ. ಅಲ್ಲಿನವರ ಲೆಕ್ಕದಲ್ಲಿ ಸುಟ್ಟ ಇಟ್ಟಿಗೆಯ ಕಾಲು ಭಾಗದಷ್ಟೇ ಇಂಧನ ಇದಕ್ಕೆ ಸಾಕು.

ಹಾಗಾದರೆ ರಸ್ತೆ ಕೆಲಸದಲ್ಲಿ ಮೋಸ ಎಲ್ಲಿ ಹುಡುಕಬೇಕು? ಬಟ್ಟೆ ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದಿದೆಯೇ ನೋಡಿ, ಪಾಲಿಪ್ರೊಪಿಲೀನ್ ಬಿಸಿಲಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ತುಂಡಿನ ಮೇಲೆ ಇನ್ನೊಂದು ಕನಿಷ್ಠ ಒಂದು ಅಡಿಯಾದರೂ ಹೊದ್ದಿರಬೇಕು. ಜಲ್ಲಿ ಹರಡುವ ಮೊದಲೇ ಲಾರಿ ನೇರವಾಗಿ ಬಟ್ಟೆಯ ಮೇಲೆ ಓಡಿದರೆ ಅದು ಹರಿದಂತೆಯೇ; ಸುಮಾರು 15 ಸೆಂ.ಮೀ. ಜಲ್ಲಿಯ ಹೊದಿಕೆ ಮೊದಲು ಬೇಕು. 2023ರಲ್ಲಿ ಕೇಂದ್ರ ಜವಳಿ ಸಚಿವಾಲಯ 19 ಬಗೆಯ ಜಿಯೋಟೆಕ್ಸ್‌ಟೈಲ್‌ಗಳಿಗೆ ಬಿಐಎಸ್ ಗುಣಮಟ್ಟ ಕಡ್ಡಾಯ ಮಾಡುವ ಆದೇಶ ಹೊರಡಿಸಿದೆ, ಹಾಗಾಗಿ ಸುರುಳಿಯ ಮೇಲೆ ಗುರುತು ಕೇಳುವ ಹಕ್ಕು ನಿಮಗಿದೆ. ಗ್ರಾಮ ಸಡಕ್ ರಸ್ತೆಯಾದರೆ ಪಕ್ಕದ ಫಲಕದಲ್ಲಿ ಕಾಮಗಾರಿಯ ವಿವರ ಇರುತ್ತದೆ. ಟೇಪು ಹಿಡಿದು ಜಲ್ಲಿಯ ದಪ್ಪ ಅಳೆದು, ಫಲಕದ ಫೋಟೋ ಜೊತೆ 'ಮೇರಿ ಸಡಕ್' ಆ್ಯಪ್‌ನಲ್ಲಿ ದೂರು ಹಾಕಬಹುದು. ಬಟ್ಟೆ ಹಾಸುತ್ತಿರುವ ವಿಡಿಯೋಗಿಂತ ಟೇಪು ಹಿಡಿದ ಫೋಟೋಗೆ ಉತ್ತರ ಕೊಡುವುದು ಎಂಜಿನಿಯರಿಗೆ ಕಷ್ಟ.