ದೊಡ್ಡ ಪೆಟ್ಟಿಗೆ ಬೇಡ, ದಪ್ಪ ಕಾಗದ ಕೊಡಿಸಿ

ಹಲಸೂರು ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ಚಿತ್ರ ಬರೆಯಲು ಕುಳಿತರೆ ಮೂರು ಬಗೆಯ ಜನ ಬಂದು ನಿಲ್ಲುತ್ತಾರೆ. ವಾಕಿಂಗಿಗೆ ಬಂದ ಹಿರಿಯರು ಎರಡು ನಿಮಿಷ ನೋಡಿ 'ಚೆನ್ನಾಗಿದೆ' ಎಂದು ಮುಂದೆ ಹೋಗುತ್ತಾರೆ. ಮಕ್ಕಳು ಯಾರಾದರೂ ಕರೆಯುವವರೆಗೂ ಕದಲುವುದಿಲ್ಲ. ಮೂರನೆಯವರು ತಂದೆ ತಾಯಂದಿರು. ಅವರ ಕಣ್ಣು ಚಿತ್ರದ ಮೇಲಿರುವುದಿಲ್ಲ, ಪಕ್ಕದಲ್ಲಿರುವ ಚೀಲದ ಮೇಲಿರುತ್ತದೆ.

ಹಾಗೆ ಬಂದ ಒಬ್ಬರು, ಕೆ.ಆರ್. ಪುರದವರು, ಏಳನೇ ತರಗತಿಯ ಮಗನನ್ನು ಮುಂದೆ ತಳ್ಳಿ, "ಸಾರ್, ನಲವತ್ತೆಂಟು ಬಣ್ಣದ ಬಾಕ್ಸ್ ಕೊಡಿಸಿದ್ದೀನಿ. ಆದ್ರೂ ಇವನು ಕೂತು ಬರೆಯೋದೇ ಇಲ್ಲ" ಎಂದು ದೂರಿದರು. ಹುಡುಗ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಯಾವ ಕಾಗದದ ಮೇಲೆ ಬರೀತೀಯಪ್ಪ ಎಂದು ಕೇಳಿದೆ. ಶಾಲೆಯ ಡ್ರಾಯಿಂಗ್ ಪುಸ್ತಕ ತೆಗೆದು ತೋರಿಸಿದ. ಹಾಳೆ ನೀರು ಕುಡಿದು ಹಪ್ಪಳದಂತೆ ಸೊಟ್ಟಗಾಗಿತ್ತು. ತಗ್ಗಾದ ಕಡೆಯೆಲ್ಲ ಬಣ್ಣ ಮಡುಗಟ್ಟಿತ್ತು. ಎರಡನೇ ಸಲ ಬ್ರಶ್ ಆಡಿಸಿದ ಜಾಗದಲ್ಲಿ ಮೇಲ್ಪದರ ಸುಲಿದು ಎಳೆ ಎಳೆಯಾಗಿ ಎದ್ದಿತ್ತು. "ನಂಗೆ ಚಿತ್ರ ಬರಲ್ಲ ಅಂಕಲ್" ಎಂದ.

ಹನ್ನೆರಡು ವರ್ಷದ ಹುಡುಗ ತನ್ನ ಬಗ್ಗೆ ಅಂಥ ತೀರ್ಪು ಕೊಟ್ಟುಕೊಳ್ಳಲು ಕಾರಣ ಅವನ ಕೈಯಲ್ಲ, ಆ ತೆಳು ಹಾಳೆ. ಅದು ಪೆನ್ಸಿಲಿಗೆ ಸರಿ, ನೀರಿಗೆ ಅಲ್ಲ. ಜಲವರ್ಣಕ್ಕೆ 300 ಜಿಎಸ್‌ಎಂ ತೂಕದ ಕಾಗದ ಬೇಕು. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಆ ಲೆಕ್ಕ. ಬೆಲೆ ಕೇಳಿ ಗಾಬರಿಯಾಗಬೇಡಿ. 22 ಇಂಚು ಅಗಲ, 30 ಇಂಚು ಉದ್ದದ ಒಂದು ಹಾಳೆ ಕೊಂಡು ಎಂಟು ತುಂಡು ಮಾಡಿ. 11ಕ್ಕೆ ಏಳೂವರೆ ಇಂಚಿನ ಎಂಟು ಚಿತ್ರ ಆಗುತ್ತವೆ. ಹಿಂಬದಿಯಲ್ಲಿ ಬಣ್ಣದ ಪ್ರಯೋಗ ಮಾಡಬಹುದು. ತುಂಡನ್ನು ಹಲಗೆಗೆ ನಾಲ್ಕೂ ಕಡೆ ಕಾಗದದ ಟೇಪಿನಿಂದ ಅಂಟಿಸಿದರೆ ಒಣಗಿದಾಗ ಮಟ್ಟಸವಾಗಿ ನಿಲ್ಲುತ್ತದೆ.

ಇನ್ನು ಬಣ್ಣ. ನನ್ನ ಚೀಲದಲ್ಲಿರುವುದು ಏಳೇ ಟ್ಯೂಬು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಸ್ಕಾರ್ಲೆಟ್, ರೋಸ್, ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ, ಬರ್ನ್ಟ್ ಸಿಯೆನಾ. ಕಪ್ಪಿಲ್ಲ, ಬಿಳಿಯೂ ಇಲ್ಲ. ಬಿಳಿಗೆ ಕಾಗದವನ್ನೇ ಖಾಲಿ ಬಿಡಬೇಕು. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ಹಲಸೂರು ಸೋಮೇಶ್ವರ ದೇವಸ್ಥಾನದ ಕಲ್ಲುಕಂಬದ ಬೂದು ಬಣ್ಣ ಬರುತ್ತದೆ. ನೀಲಿ ಹೆಚ್ಚಾದರೆ ಮಳೆಮೋಡ. ಅದೇ ನೀಲಿಗೆ ರೋಸ್ ಸೇರಿಸಿದರೆ ಮಾರ್ಚಿ ತಿಂಗಳ ಜಕರಾಂಡ ಹೂ. ಲೆಮನ್ ಯೆಲ್ಲೋಗೆ ಪ್ರಷ್ಯನ್ ಬ್ಲೂ, ಜೊತೆಗೆ ಚಿಟಿಕೆಯಷ್ಟು ಸಿಯೆನಾ ಹಾಕಿದರೆ ಇಂದಿರಾನಗರದ ಮಳೆಮರದ ಹಸಿರು. ಪೆಟ್ಟಿಗೆಯ ಸಿದ್ಧ ಹಸಿರಿನಲ್ಲಿ ಯಾವ ಮರವೂ ಬೆಳೆಯುವುದಿಲ್ಲ.

ಅಲ್ಟ್ರಾಮರೀನ್ ನೀಲಿಯನ್ನು ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಬೆಟ್ಟದ ಕಲ್ಲನ್ನು ಅರೆದು ಮಾಡುತ್ತಿದ್ದರು. ಯುರೋಪಿನ ಕಲಾವಿದರು ಅದನ್ನು ಚಿನ್ನದಂತೆ ತೂಗಿ ಕೊಳ್ಳುತ್ತಿದ್ದರು. 1828ರ ಹೊತ್ತಿಗೆ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ದಾರಿ ಸಿಕ್ಕಿತು. ಆದ್ದರಿಂದಲೇ ಇಂದು ಶಾಲಾ ಮಕ್ಕಳ ಕೈಗೂ ಅದು ಎಟುಕುತ್ತದೆ. 1931ರಲ್ಲಿ ಮುಂಬಯಿಯಲ್ಲಿ ಶಾಯಿ ತಯಾರಿಕೆಯಿಂದ ಶುರುವಾದ ಕ್ಯಾಮ್ಲಿನ್‌ನ ಒಂಟೆ ಗುರುತಿನ ವಿದ್ಯಾರ್ಥಿ ಟ್ಯೂಬುಗಳು ಮೊದಲ ಎರಡು ವರ್ಷಕ್ಕೆ ಧಾರಾಳವಾಗಿ ಸಾಕು. ಕಲಾವಿದರ ದರ್ಜೆಯ ಟ್ಯೂಬಿನಲ್ಲಿ ವರ್ಣದ್ರವ್ಯ ಹೆಚ್ಚು, ಬೆಲೆಯೂ ಹೆಚ್ಚು. ಉಳಿದ ಹಣ ಕಾಗದಕ್ಕೆ ಹೋಗಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಲಿತದ್ದು ಪೆಟ್ಟು ತಿಂದು. ಅಲಿಜರಿನ್ ಕ್ರಿಮ್ಸನ್ ಬಳಸಿ ಬರೆದ ಗುಲ್‌ಮೊಹರ್ ಚಿತ್ರವೊಂದನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೆ. ಕೆಲವೇ ವರ್ಷಗಳಲ್ಲಿ ಹೂವೆಲ್ಲ ಬಿಸಿಲಿಗೆ ಬಿಳಿಚಿ ಎಲೆ ಮಾತ್ರ ಉಳಿಯಿತು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಆರ್ 83 ಎಂದಿದ್ದರೆ ಅದು ಆ ಬಣ್ಣವೇ. ಕೊಳ್ಳುವ ಮೊದಲು ಓದಿ.

ಬ್ರಶ್ ಎರಡು ಸಾಕು, ದುಂಡು ತುದಿಯ 4 ಮತ್ತು 10ನೇ ನಂಬರು. ಸಿಂಥೆಟಿಕ್ ಕೂದಲಿನದೇ ಇರಲಿ. ಯಾರಾದರೂ ಮುಂಗುಸಿ ಕೂದಲಿನ ಬ್ರಶ್ ಒಳ್ಳೆಯದೆಂದು ಗುಟ್ಟಾಗಿ ತೋರಿಸಿದರೆ ಬೇಡವೆನ್ನಿ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದರ ಕೂದಲಿನ ವ್ಯಾಪಾರ ಅಪರಾಧ. ಕಾಗದ ಒದ್ದೆ ಮಾಡಲು ಗೋಡೆಗೆ ಬಣ್ಣ ಹಚ್ಚುವ ಒಂದಿಂಚಿನ ಚಪ್ಪಟೆ ಬ್ರಶ್ಶನ್ನು ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡೆ. ಅಲ್ಲೇ ಪಾತ್ರೆ ಅಂಗಡಿಯಲ್ಲಿ ಒಂದು ಬಿಳಿ ಪಿಂಗಾಣಿ ತಟ್ಟೆ ಸಿಕ್ಕಿತು, ಅದೇ ನನ್ನ ಪ್ಯಾಲೆಟ್. ಪೆನ್ಸಿಲ್ ಯಾವುದಾದರೂ 2ಬಿ.

ತಾಯಂದಿರಿಗೆ ಒಂದು ಮಾತು. ಬ್ರಶ್ಶಿನ ತುದಿ ಚೂಪು ಮಾಡಲು ಮಕ್ಕಳು ಬಾಯಿಗೆ ಇಡುತ್ತಾರೆ. ಮೊದಲ ದಿನವೇ ಬಿಡಿಸಿ. ಕ್ಯಾಡ್ಮಿಯಂ ಇರುವ ಬಣ್ಣಗಳೂ ಟರ್ಪೆಂಟೈನ್ ಬೇಡುವ ತೈಲವರ್ಣವೂ ದೊಡ್ಡವರಾಗುವವರೆಗೆ ಕಾಯಲಿ.

ನಮ್ಮ ಊರಿನ ಹೂಮರಗಳನ್ನು ರುಮಾಲೆ ಚೆನ್ನಬಸವಯ್ಯನವರಷ್ಟು (1910–1988) ಕಂಡವರು ಕಡಿಮೆ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ ಎಂದು ಹಲವು ವರ್ಷ ಕುಂಚ ಕೆಳಗಿಟ್ಟಿದ್ದವರು ಅರವತ್ತರ ದಶಕದಲ್ಲಿ ಮರಳಿ ಹಿಡಿದರು. ಮರದ ಎದುರಿಗೇ ಕುಳಿತು ಬರೆದರು. ಹೊತ್ತು ನಡೆಯಲಾಗದ ಸಾಮಾನು ಅಂಥ ಕೆಲಸಕ್ಕೆ ಒದಗುವುದಿಲ್ಲ.

ಆ ಹುಡುಗನಿಗೆ ನನ್ನ ದಪ್ಪ ಹಾಳೆಯ ಒಂದು ತುಂಡು ಕೊಟ್ಟೆ. ಒದ್ದೆ ಕಾಗದದ ಮೇಲೆ ನೀಲಿ ತಾನಾಗಿ ಹರಡಿ ಆಕಾಶವಾದದ್ದನ್ನು ನೋಡಿ ಉಸಿರು ಬಿಗಿಹಿಡಿದ. "ಹಾಗಾದ್ರೆ ಆ ನಲವತ್ತೆಂಟರ ಬಾಕ್ಸ್ ಏನ್ ಮಾಡೋದು ಸಾರ್?" ಎಂದರು ತಂದೆ. ಹೊಸ ವರ್ಷದ ಗ್ರೀಟಿಂಗ್ ಕಾರ್ಡಿಗೆ ಆಗುತ್ತೆ ಬಿಡಿ ಎಂದೆ. ಮುಂದಿನ ಭಾನುವಾರ ಇಬ್ಬರೂ ಮೆಟ್ರೋ ಹತ್ತಿ ಮತ್ತೆ ಬಂದರು. ಪಿಂಗಾಣಿ ಸಿಗಲಿಲ್ಲವೆಂದು ಹುಡುಗ ಅಮ್ಮನ ಸ್ಟೀಲ್ ತಟ್ಟೆ ತಂದಿದ್ದ. ಅದರ ಹೊಳಪಿನಲ್ಲಿ ಬಣ್ಣ ಸರಿಯಾಗಿ ಕಾಣಲಿಲ್ಲ. ನನ್ನ ತಟ್ಟೆಯನ್ನೇ ಅವನ ಕಡೆ ಸರಿಸಿದೆ.