ಕಳರಿಗೆ ಬೆಳಿಗ್ಗೆ ಹೋಗಬೇಕು

ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಸುಮಾರು 1,600 ಕಿಲೋಮೀಟರ್ ಉದ್ದವಿದೆ. ಮುಂಬೈಯ ಕನ್ನಡಿಗರಿಗೆ, ತುಳುವರಿಗೆ ಇದು ಊರಿನ ದಾರಿ. ಬೈಕ್ ಹುಚ್ಚಿರುವ ಅವರ ಮಕ್ಕಳಿಗೆ ಊರು ದಾಟಿ ಇನ್ನೂ ಕೆಳಕ್ಕೆ ಹೋಗುವ ಆಸೆ. ಹಾಗೆ ಹೋದವರು ಬೇಕಲ ಕೋಟೆ ನೋಡುತ್ತಾರೆ, ತಲಶ್ಶೇರಿಯಲ್ಲಿ ಬಿರಿಯಾನಿ ತಿನ್ನುತ್ತಾರೆ, ಆಮೇಲೆ ಎಲ್ಲಾದರೂ ಒಂದು ಕಡೆ ಕಳರಿಪಯಟ್ಟು ನೋಡುತ್ತಾರೆ. ಸಂಜೆಯ ಪ್ರದರ್ಶನಕ್ಕೆ ಟಿಕೆಟ್, ಕತ್ತಿ ಗುರಾಣಿಯ ಕಾಳಗ, ಬೆಂಕಿಯ ಬಳೆಯೊಳಗೆ ಜಿಗಿತ, ಉರುಮಿ ಹಿಡಿದವನ ಪಕ್ಕ ನಿಂತು ಒಂದು ಫೋಟೊ. ಮರುದಿನ ಬೆಳಿಗ್ಗೆ ಮುಂದಿನ ಊರು.

ಅಷ್ಟು ದೂರ ಬೈಕ್ ಓಡಿಸಿಕೊಂಡು ಬಂದವರು ನೋಡಬೇಕಾದದ್ದು ಇದಲ್ಲ. ಸಂಜೆಯ ಪ್ರದರ್ಶನದಲ್ಲಿ ತಪ್ಪೇನಿಲ್ಲ. ಅದರ ದುಡ್ಡಿನಿಂದ ಹಲವು ಹುಡುಗರ ಅಭ್ಯಾಸ ನಡೆಯುತ್ತದೆ. ಆದರೆ ಕಳರಿ ಎಂಬುದು ಮೊದಲಿಗೆ ಒಂದು ಶಾಲೆ. ಶಾಲೆಯನ್ನು ಅದರ ವಾರ್ಷಿಕೋತ್ಸವದ ದಿನ ನೋಡಿದರೆ ಪಾಠ ಹೇಗೆ ನಡೆಯುತ್ತದೆಂದು ತಿಳಿಯುವುದಿಲ್ಲ.

ಪಾಠದ ಹೊತ್ತಿನಲ್ಲಿ ಕಾಣುವುದೇ ಬೇರೆ. ಉತ್ತರ ಮಲಬಾರಿನ ಸಂಪ್ರದಾಯದಲ್ಲಿ ಕಳರಿ ಎಂದರೆ ನೆಲವನ್ನು ತಗ್ಗಾಗಿ ಅಗೆದು ಮಾಡಿದ, 42 ಅಡಿ ಉದ್ದ 21 ಅಡಿ ಅಗಲದ ಅಂಕಣ. ಬಾಗಿಲು ಪೂರ್ವಕ್ಕೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅಂದರೆ ದೇವತೆಯ ಪೀಠ. ಚಪ್ಪಲಿ ಹೊರಗೆ ಬಿಟ್ಟು, ಬಲಗಾಲಿಟ್ಟು ಒಳಗಿಳಿದು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ ಮೇಲೆಯೇ ಅಭ್ಯಾಸ. ಮೊದಲು ಕಲಿಸುವುದು ಮೆಯ್‌ತಾರಿ: ಬರಿಯ ಮೈ. ಆನೆ, ಸಿಂಹ, ಕುದುರೆ, ಹಂದಿ, ಹಾವು ಮುಂತಾದ ಎಂಟು ನಿಲುವುಗಳು, ಕಾಲೆತ್ತುವ ಪಾಠಗಳು. ಇದು ಕೈವಶವಾದ ಮೇಲೆ ಕೋಲ್‌ತಾರಿ, ಮರದ ಆಯುಧಗಳು. ಅದಾದ ಮೇಲೆ ಅಂಗತಾರಿ, ಕಬ್ಬಿಣದ ಆಯುಧಗಳು. ಬೀಸಿದವನನ್ನೇ ಸೀಳಬಲ್ಲ ಉರುಮಿ ಬರುವುದು ಬಹಳ ತಡವಾಗಿ, ಎಲ್ಲರಿಗೂ ಅಲ್ಲ. ಪ್ರವಾಸಿ ಮೊದಲು ಕೇಳುವುದು ಮಾತ್ರ ಅದನ್ನೇ. ಬಂದವರೆಲ್ಲ ಅದನ್ನೇ ಕೇಳುತ್ತಾ ಹೋದರೆ ಕಲಿಸುವವರೂ ಅದನ್ನೇ ಬೇಗ ಕಲಿಸತೊಡಗುತ್ತಾರೆ. ಕೇಳುವವರು ಇದನ್ನು ಯೋಚಿಸಬೇಕು.

ಕಳರಿ ಇವತ್ತಿಗೂ ಉಳಿದದ್ದು ನೋಡುವವರಿಂದಲ್ಲ, ಕಲಿಯುವವರಿಂದ. ಪಳಶ್ಶಿರಾಜನ ಹೋರಾಟದ ಕಾಲದಲ್ಲಿ ಕಂಪನಿ ಸರ್ಕಾರ ಮಲಬಾರಿನವರ ಆಯುಧ ಕಿತ್ತುಕೊಂಡ ಮೇಲೆ ಈ ವಿದ್ಯೆ ಸೊರಗಿತು. ಇಪ್ಪತ್ತನೆಯ ಶತಮಾನದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್, ಅವರ ಶಿಷ್ಯ ಸಿ.ವಿ. ನಾರಾಯಣನ್ ನಾಯರ್ ಮೊದಲಾದವರು ಊರೂರಿನಲ್ಲಿ ಉಳಿದದ್ದನ್ನು ಕೂಡಿಸಿ ಮತ್ತೆ ಕಲಿಸಲು ತೊಡಗಿದರು. ವಡಗರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿಗೆ ಕಲಿಯಲು ಇಳಿದವರು. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿದ್ದರೂ ಮಕ್ಕಳಿಗೆ ಪಾಠ ಹೇಳುತ್ತಲೇ ಇದ್ದರು. ಅವರ ಕಳರಿಯಲ್ಲಿ ಗೊತ್ತುಮಾಡಿದ ಶುಲ್ಕವಿಲ್ಲ, ಕೈಲಾದ ಗುರುದಕ್ಷಿಣೆ.

ಇಷ್ಟನ್ನು ನೋಡಿದ ತುಳುನಾಡಿನ ಮಕ್ಕಳಿಗೆ ಒಂದು ಪ್ರಶ್ನೆ ಏಳಬೇಕು. ಅದೇ ಹೆದ್ದಾರಿಯಲ್ಲಿ, ಅವರು ಬೆಳಿಗ್ಗೆ ದಾಟಿ ಬಂದ ಮಂಗಳೂರಿನಲ್ಲಿ ಕಂಕನಾಡಿಯ ಗರಡಿ ಇದೆ. ಗರಡಿ ಎಂದರೂ ಅಂಗಸಾಧನೆಯ ಮನೆಯೇ. ಅಲ್ಲಿ ಆರಾಧನೆ ಪಡೆಯುವ ಕೋಟಿ ಚೆನ್ನಯರು ಗರಡಿಯಲ್ಲಿ ಪಳಗಿದ ವೀರರು. ಅವರ ಕೈಯ ಆಯುಧ ಸುರಿಯ. ಅವರ ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು. ಕಳರಿಯ ಗುರುಕ್ಕಳ್ ಇವತ್ತಿಗೂ ಉಳುಕು ತಿದ್ದಿ ಎಣ್ಣೆ ತಿಕ್ಕುವ ವೈದ್ಯನೂ ಹೌದು. ಅಲ್ಲಿ ಉಣ್ಣಿಯಾರ್ಚಳನ್ನು ಹಾಡುವ ವಡಕ್ಕನ್ ಪಾಟ್ಟು, ಇಲ್ಲಿ ಕೋಟಿ ಚೆನ್ನಯರ ಪಾಡ್ದನ. ಇಷ್ಟೆಲ್ಲ ಹತ್ತಿರದ ನೆಂಟಸ್ತಿಕೆಯಿದ್ದೂ, ಅಲ್ಲಿ ಪೂಜೆ ಪಾಠ ಎರಡೂ ಉಳಿದವು. ನಮ್ಮ ಬಹುಪಾಲು ಗರಡಿಗಳಲ್ಲಿ ಪೂಜೆ ಉಳಿಯಿತು, ಪಾಠ ಹೋಯಿತು.

ಗರಡಿ ಈಗ ದೈವಸ್ಥಾನ, ಅಲ್ಲಿ ಹುಡುಗರ ಕುಣಿದಾಟ ಸಲ್ಲದು ಎನ್ನುವವರಿದ್ದಾರೆ. ನೇಮದ ಕಟ್ಟುಕಟ್ಟಳೆ ಊರಿನವರ ತೀರ್ಮಾನ, ಅದನ್ನು ಮುಂಬೈಯಿಂದ ಬದಲಿಸಲಾಗದು, ಬದಲಿಸಲೂ ಬಾರದು. ಆದರೆ ಪೂತ್ತರಕ್ಕೆ ದೀಪವಿಟ್ಟೇ ಪಾಠ ಆರಂಭಿಸುವ ಕಳರಿ, ಭಕ್ತಿಗೂ ಕಲಿಕೆಗೂ ಜಗಳವಿಲ್ಲ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ. ಗುಡಿಯೊಳಗೆ ಬೇಡವಾದರೆ ಅಂಗಳವಿದೆ, ಪಕ್ಕದ ಸಭಾಭವನವಿದೆ.

ಊರಿನ ಎಷ್ಟೋ ಗರಡಿಗಳ ಜೀರ್ಣೋದ್ಧಾರಕ್ಕೆ ಮುಂಬೈಯಲ್ಲಿ ದುಡಿದವರ ಕಾಣಿಕೆ ಸಂದಿದೆ. ತಾಮ್ರದ ಮಾಡು, ಗ್ರಾನೈಟಿನ ನೆಲ, ದಾನಿಗಳ ಹೆಸರು ಕೊರೆದ ಕಲ್ಲು. ಅದರ ಒಂದು ಪಾಲನ್ನು ವಾರಕ್ಕೆರಡು ದಿನ ಊರ ಮಕ್ಕಳಿಗೆ ಅಂಗಸಾಧನೆ ಕಲಿಸುವ ಒಬ್ಬ ಗುರುವಿನ ಸಂಬಳಕ್ಕೆ ಇಡಬಹುದಲ್ಲ? ಹುಡುಗರ ಜತೆ ಹುಡುಗಿಯರೂ ಕಲಿಯಲಿ. ವಡಗರದಲ್ಲಿ ಗುರುವೇ ಹೆಣ್ಣು.

ಈ ಮಾತನ್ನು ಊರಿನ ಸಮಿತಿಯ ಮುಂದೆ ಇಡಲು ಕಳರಿ ಕಂಡು ಬಂದ ಯುವಕರಿಗಿಂತ ತಕ್ಕವರಿಲ್ಲ. ಅದಕ್ಕಾದರೂ ಅವರು ನಿಜವಾಗಿ ಕಂಡಿರಬೇಕು. ಮುಂಚಿತವಾಗಿ ಫೋನ್ ಮಾಡಿ ಅಪ್ಪಣೆ ಕೇಳಲಿ. ಅಭ್ಯಾಸದ ಕಾಲ ಮಳೆಗಾಲ. ಆಗ ಹೋಗಲು ಧೈರ್ಯವಿದ್ದರೆ ಇನ್ನೂ ಒಳ್ಳೆಯದು. ಬೈಕನ್ನು ದೂರದಲ್ಲೇ ನಿಲ್ಲಿಸಿ, ಬೂಟು ಬಿಚ್ಚಿ, ಮೊಬೈಲು ಜೇಬಿಗಿಟ್ಟು ಎರಡು ಗಂಟೆ ಸುಮ್ಮನೆ ಕೂರಲಿ. ಎಂಟು ವರ್ಷದ ಮಗು ಒಂದೇ ನಿಲುವನ್ನು ಇಪ್ಪತ್ತು ಸಲ ತಿದ್ದಿಸಿಕೊಳ್ಳುವುದನ್ನು ನೋಡಲಿ. ಹೊರಡುವಾಗ ದಕ್ಷಿಣೆ ಇಡಲಿ. ವಾಪಸು ಬರುವಾಗ ತಮ್ಮೂರ ಗರಡಿಯ ಮುಂದೆ ಬೈಕ್ ನಿಲ್ಲಿಸಿ, ಇಲ್ಲಿ ಕೊನೆಯ ಪಾಠ ನಡೆದದ್ದು ಯಾವಾಗ ಎಂದು ಹಿರಿಯರನ್ನು ಕೇಳಲಿ.