ಸ್ವರಲಿಪಿ, ಮೊಬೈಲ್ ಮತ್ತು ನಮ್ಮ ಹೊಣೆಗಾರಿಕೆ



ನಮ್ಮ ಧರ್ಮಕೇಂದ್ರದ ಗಾಯನ ವೃಂದವನ್ನು ಬಹುಕಾಲ ಮುನ್ನಡೆಸಿ ದೈವಾಧೀನರಾದ ಹಿರಿಯರೊಬ್ಬರ ಮನೆಯವರು ಕಳೆದ ತಪಸ್ಸುಕಾಲದಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನು ನಮಗೆ ತಂದೊಪ್ಪಿಸಿದರು. ಅದರಲ್ಲಿ ಕೈಬರಹದ ಹನ್ನೊಂದು ಪುಸ್ತಕಗಳಿದ್ದವು. ನಾಲ್ಕು ಧ್ವನಿಗಳಿಗಾಗಿ ಐದು ಗೆರೆಗಳ ಮೇಲೆ ಅವರು ಬರೆದಿಟ್ಟ ಗೀತೆಗಳವು. ಗರಿಗಳ ಭಾನುವಾರದ ಗೀತೆಯೊಂದರ ಪುಟಗಳ ಕೆಳಭಾಗವನ್ನು ಗೆದ್ದಲು ತಿಂದುಹಾಕಿತ್ತು. ಸೊಪ್ರಾನೊ ಮತ್ತು ಆಲ್ಟೊ ಉಳಿದಿವೆ. ಟೆನರ್ ಮತ್ತು ಬಾಸ್ ಇಲ್ಲ. ಆ ಗೀತೆಯ ರಾಗವನ್ನು ಇಂದಿಗೂ ಊರೆಲ್ಲ ಹಾಡುತ್ತದೆ. ಆದರೆ ಅದರ ಬಾಸ್ ಹಾಡುತ್ತಿದ್ದವರಲ್ಲಿ ಒಬ್ಬರೂ ಈಗ ನಮ್ಮೊಡನಿಲ್ಲ.

ಅದೇ ವೃಂದದ ಯುವಕನೊಬ್ಬ ಸ್ವರಲಿಪಿಯನ್ನು ಮೊಬೈಲಿನಲ್ಲಿಯೇ ಬರೆದು ತಿದ್ದಬಹುದಾದ ಆ್ಯಪ್ ಒಂದನ್ನು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸುತ್ತಿದ್ದಾನೆ. ಈ ವಿಷಯ ತಿಳಿದಾಗ ಹಿರಿಯರು ಕೇಳಿದ್ದು, ದೇವಾಲಯದ ಹಾಡಿಗೆ ಮೊಬೈಲ್ ಏಕೆ ಎಂದು. ಕಿರಿಯರು ಕೇಳಿದ್ದು, ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದೇ ಎಂದು. ಎರಡೂ ಪ್ರಶ್ನೆಗಳು ಉತ್ತರಕ್ಕೆ ಅರ್ಹವಾಗಿವೆ.

ಹಿರಿಯರ ಸಂದೇಹ ಹೊಸದಲ್ಲ. ಬರವಣಿಗೆ ಬಂದರೆ ಮನುಷ್ಯನು ಸ್ಮರಣಶಕ್ತಿಯನ್ನು ಕಳೆದುಕೊಳ್ಳುವನೆಂಬ ಆಕ್ಷೇಪವನ್ನು ಪ್ಲೇಟೊ ತನ್ನ ‘ಫೀಡ್ರಸ್’ ಸಂವಾದದಲ್ಲಿ ಈಜಿಪ್ಟಿನ ಅರಸನೊಬ್ಬನ ಬಾಯಲ್ಲಿ ಆಡಿಸಿದ್ದಾನೆ. ಆದರೆ ಬರಹವಿಲ್ಲದ ಸಂಗೀತದ ಗತಿ ಏನೆಂಬುದನ್ನು ಏಳನೆಯ ಶತಮಾನದ ಸೆವಿಲ್ಲೆಯ ಸಂತ ಇಸಿದೋರರು ಅರಿತಿದ್ದರು. ನಾದವನ್ನು ಬರೆದಿಡಲಾಗದು, ಆದುದರಿಂದ ಮನುಷ್ಯನ ನೆನಪಿನಲ್ಲಿ ನಿಲ್ಲದ ನಾದ ಅಳಿದುಹೋಗುವುದೆಂಬುದು ಅವರ ಅಭಿಪ್ರಾಯವಾಗಿತ್ತು. ಸುಮಾರು 400 ವರ್ಷಗಳ ತರುವಾಯ ಇಟಲಿಯ ಅರೆಝೊ ನಗರದಲ್ಲಿ ಗುಯಿದೊ ಎಂಬ ಸನ್ಯಾಸಿ ಗೆರೆಗಳ ಮೇಲೆಯೂ ಅವುಗಳ ನಡುವಿನ ಎಡೆಯಲ್ಲಿಯೂ ಸ್ವರಗಳನ್ನಿರಿಸಿ, ಕೇಳರಿಯದ ಹಾಡನ್ನೂ ನೋಡಿ ಹಾಡುವ ವಿಧಾನವನ್ನು ರೂಪಿಸಿದರು. ಹತ್ತು ವರ್ಷ ಹಿಡಿಯುತ್ತಿದ್ದ ಗಾಯಕರ ಶಿಕ್ಷಣ ಒಂದೆರಡು ವರ್ಷಗಳಿಗೆ ಇಳಿಯಿತೆಂದು ಅವರೇ ಪತ್ರವೊಂದರಲ್ಲಿ ಬರೆದಿದ್ದಾರೆ. ಅವರನ್ನು ರೋಮಿಗೆ ಕರೆಸಿಕೊಂಡ ಜಗದ್ಗುರು 19ನೇ ಯೊವಾನ್ನರು ಸ್ವತಃ ಆ ಲಿಪಿಯನ್ನು ನೋಡಿ ಹಾಡಲು ಯತ್ನಿಸಿದರು. 1501ರಲ್ಲಿ ವೆನಿಸ್ ನಗರದ ಪೆಟ್ರುಚ್ಚಿ ಬಹುಧ್ವನಿಯ ಸಂಗೀತವನ್ನು ಅಚ್ಚಿನಲ್ಲಿ ಹೊರತಂದರು. ಗೆರೆ ಬಂದಾಗಲೂ ಅಚ್ಚು ಬಂದಾಗಲೂ ಹಾಡು ಸಾಯಲಿಲ್ಲ. ಹೆಚ್ಚು ಜನರ ಕೈಸೇರಿತು. ಮೊಬೈಲನ್ನು ಕಂಡೊಡನೆ ಬೆದರುವ ಕಾರಣವಿಲ್ಲ.

ಇನ್ನು ಕಿರಿಯರ ಪ್ರಶ್ನೆ. ಗುರುಮಠದಲ್ಲಿ ನಾವು ಅರಿಸ್ಟಾಟಲನ ತತ್ತ್ವಶಾಸ್ತ್ರವನ್ನು ಓದುವಾಗ ದ್ರವ್ಯ ಮತ್ತು ರೂಪಗಳ ಭೇದವನ್ನು ಕಲಿತೆವು. ಕಂಚು ಬೇರೆ, ಕಂಚಿನಲ್ಲಿ ಮೂಡಿದ ಆಕೃತಿ ಬೇರೆ. ಫೋಟೊ ಉಳಿಸುವುದು ಕಾಗದ ಮತ್ತು ಶಾಯಿಯ ತೋರಿಕೆಯನ್ನು ಮಾತ್ರ. ಯಾವ ಚುಕ್ಕೆ ಯಾವ ಸ್ವರ, ಅದು ಎಷ್ಟು ಮಾತ್ರೆ, ಅದರಡಿಯ ಅಕ್ಷರ ಯಾವುದು ಎಂಬುದನ್ನು ಫೋಟೊ ಅರಿಯದು. ಸ್ವರಲಿಪಿಯ ಆ್ಯಪ್ ಅರಿಯಬೇಕಾದುದು ಇದನ್ನೇ.

ಒಂದು ಉದಾಹರಣೆ ಕೊಡುತ್ತೇವೆ. ಜಿ ಮೇಜರ್‌ನಲ್ಲಿರುವ ಗೀತೆ ನಮ್ಮ ಹೆಣ್ಣುಮಕ್ಕಳಿಗೆ ಎತ್ತರವೆನಿಸಿದರೆ ಅದನ್ನು ಎಫ್ ಮೇಜರ್‌ಗೆ ಇಳಿಸಬೇಕಾಗುತ್ತದೆ. ಕೈಯಿಂದ ಬರೆಯುವವರಿಗೆ ಅದು ಒಂದು ರಾತ್ರಿಯ ಕೆಲಸ. ಆ್ಯಪ್‌ಗೆ ಒಂದು ಕ್ಷಣದ್ದು. ಆದರೆ ಒಂದು ಶಾರ್ಪ್ ಇದ್ದಲ್ಲಿ ಒಂದು ಫ್ಲ್ಯಾಟ್ ಬರಬೇಕು. ಕೀಬೋರ್ಡಿನಲ್ಲಿ ಎ ಶಾರ್ಪ್ ಮತ್ತು ಬಿ ಫ್ಲ್ಯಾಟ್ ಒಂದೇ ಮನೆ. ಎಫ್ ಮೇಜರ್‌ನಲ್ಲಿ ಅದನ್ನು ಬಿ ಫ್ಲ್ಯಾಟ್ ಎಂದೇ ಬರೆಯತಕ್ಕದ್ದು. ಮನೆಯ ಸಂಖ್ಯೆಯನ್ನಷ್ಟೇ ನೆನಪಿಡುವ ಆ್ಯಪ್ ಇಲ್ಲಿ ಎಡವುತ್ತದೆ. ಕಿವಿಗೆ ಒಂದಾದದ್ದು ಬುದ್ಧಿಗೆ ಎರಡೆಂಬುದನ್ನು ಅದಕ್ಕೆ ಕಲಿಸಬೇಕು.

ಕನ್ನಡದ್ದು ಇನ್ನೊಂದು ತೊಡಕು. ‘ಕ್ರಿಸ್ತ’ ಎಂಬ ಪದವನ್ನು ಎರಡು ಸ್ವರಗಳಡಿ ಹಂಚಬೇಕೆಂದುಕೊಳ್ಳಿ. ನಮ್ಮ ಕಣ್ಣಿಗೆ ಅದು ‘ಕ್ರಿ’ ಮತ್ತು ‘ಸ್ತ’ ಎಂಬ ಎರಡು ಅಕ್ಷರ. ಯಂತ್ರದೊಳಗೆ ‘ಕ್ರಿ’ ನಾಲ್ಕು ಸಂಕೇತಗಳು, ‘ಸ್ತ’ ಮೂರು. ಇಂಗ್ಲಿಷನ್ನು ಮಾತ್ರ ಬಲ್ಲ ಆ್ಯಪ್ ಒತ್ತಕ್ಷರವನ್ನು ಒಡೆದು ಚೆಲ್ಲುತ್ತದೆ. ಹಾಡುವ ನಾಲಿಗೆಯಾದರೋ ‘ಕ್ರಿಸ್’ ಎಂದು ನಿಂತು ‘ತ’ ಎಂದು ಮುಂದೆ ಸಾಗುತ್ತದೆ. ಈ ಸೂಕ್ಷ್ಮವನ್ನು ದೂರದೇಶದ ತಯಾರಕರು ನಮಗಾಗಿ ಯೋಚಿಸುವರೆಂದು ಕಾದು ಕೂರುವುದು ವಿವೇಕವಲ್ಲ. ಆದುದರಿಂದ ಈ ಯುವಕನ ಶ್ರಮ ವ್ಯರ್ಥವಲ್ಲವೆಂಬುದು ನಮ್ಮ ದೃಢ ಅಭಿಪ್ರಾಯ. “ಫಾದರ್, ಗೆರೆಗಳ ನಡುವಿನ ಎಡೆ ಬೆರಳಿಗಿಂತ ಕಿರಿದು, ಮುಟ್ಟಿದಲ್ಲಿ ಸ್ವರ ಕೂರುವುದಿಲ್ಲ” ಎಂದು ಅವನು ಒಮ್ಮೆ ನಿರಾಶನಾಗಿ ಹೇಳಿದ್ದ. ಈಗ ಸ್ವರವನ್ನು ಮೊದಲು ಇರಿಸಿ, ಬಳಿಕ ಗುಂಡಿಯೊತ್ತಿ ಮೇಲೆ ಕೆಳಗೆ ಸರಿಸುವ ಉಪಾಯ ಮಾಡಿದ್ದಾನೆ.

ಆದರೆ ನಮ್ಮನ್ನು ಚಿಂತೆಗೀಡುಮಾಡಿದ ಸಂಗತಿ ಬೇರೊಂದಿದೆ. ಗೀತೆಗಳ ಕಡತಗಳು ತನ್ನ ಆ್ಯಪ್‌ನಲ್ಲಿ ಮಾತ್ರ ತೆರೆಯುವಂತೆ ಮಾಡಿ, ತಿಂಗಳು ತಿಂಗಳು ಹಣ ಕೊಟ್ಟವರಿಗಷ್ಟೇ ತೆರೆದು ತೋರಿಸಬೇಕೆಂದು ಅವನಿಗೆ ಹಿತೈಷಿಗಳು ಬುದ್ಧಿ ಹೇಳಿದ್ದಾರೆ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಉಪಕರಣಕ್ಕೆ ಬೆಲೆ ಕಟ್ಟಲಿ, ಅದು ನ್ಯಾಯ. ಹಾಡಿಗೆ ಬೀಗ ಹಾಕುವುದು ಮಾತ್ರ ನ್ಯಾಯವಲ್ಲ. ಬಡಗಿ ಪೆಟ್ಟಿಗೆಯನ್ನು ಮಾರಬಹುದು, ಅದರೊಳಗೆ ನಾವಿಟ್ಟ ಧಾನ್ಯದ ಮೇಲೆ ಅವನಿಗೆ ಹಕ್ಕಿಲ್ಲ.

ಇದು ಕೇವಲ ತರ್ಕವಲ್ಲ. 1988ರಲ್ಲಿ ಬಿಡುಗಡೆಯಾದ ‘ಫಿನಾಲೆ’ ಎಂಬ ಅಮೆರಿಕದ ಸ್ವರಲಿಪಿ ತಂತ್ರಾಂಶದಲ್ಲಿ ಅನೇಕ ದೇಶಗಳ ಸಂಗೀತಗಾರರು ತಮ್ಮ ಕೃತಿಗಳನ್ನು ಬರೆದಿಟ್ಟಿದ್ದರು. 2024ರ ಆಗಸ್ಟ್‌ನಲ್ಲಿ ಅದರ ತಯಾರಕರು ಇನ್ನು ಅದನ್ನು ಬೆಳೆಸುವುದಿಲ್ಲವೆಂದು ಘೋಷಿಸಿದರು. ಕಡತಗಳು ಅಂದೇ ಅಳಿಯಲಿಲ್ಲ, ನಿಜ. ಆದರೆ ಮುಂಬರುವ ಯಂತ್ರಗಳಲ್ಲಿ ಅವು ತೆರೆಯುವುವೇ ಎಂಬ ಆತಂಕ ಹುಟ್ಟಿತು. ಆಗ ಆಸರೆಯಾದದ್ದು ‘ಮ್ಯೂಸಿಕ್ ಎಕ್ಸ್‌ಎಂಎಲ್’ ಎಂಬ ಮುಕ್ತ ಬರಹಕ್ರಮ. ಮೈಕೆಲ್ ಗುಡ್ ಎಂಬವರು ರೂಪಿಸಿದ ಈ ಕ್ರಮದ ಮೊದಲ ಆವೃತ್ತಿ 2004ರಲ್ಲಿ ಹೊರಬಂತು. ಒಂದು ತಂತ್ರಾಂಶದಲ್ಲಿ ಬರೆದ ಗೀತೆಯನ್ನು ಇನ್ನೊಂದಕ್ಕೆ ಒಯ್ಯಲು ಅದು ಸೇತುವೆಯಾಗಿದೆ. ಗಣಕಯಂತ್ರದಲ್ಲಿ ಉಚಿತವಾಗಿ ದೊರೆಯುವ ‘ಮ್ಯೂಸ್‌ಸ್ಕೋರ್’ ಕೂಡ ಅದನ್ನು ಓದಬಲ್ಲದು. ಆ ಯುವಕನಿಗೆ ನಾವು ಹೇಳಿದ್ದಿಷ್ಟೇ: “ನಿನ್ನ ಆ್ಯಪ್ ನಾಳೆ ನಿಂತುಹೋದರೂ ನಮ್ಮ ಹಾಡು ನಿಲ್ಲದಂತೆ ನೋಡಿಕೋ, ಮಗು. ಹೊರಗೆ ಹೋಗುವ ಬಾಗಿಲನ್ನು ಮೊದಲು ಕಟ್ಟು.”

ಹಿರಿಯರ ಮಾತಿನಲ್ಲಿ ಒಂದಂಶ ಸತ್ಯವೆಂಬುದನ್ನು ಒಪ್ಪಲೇಬೇಕು. ಆ್ಯಪ್ ತಾನೇ ನುಡಿಸಿ ಕೇಳಿಸುತ್ತದೆ. ಟೆನರ್ ಒಂದನ್ನೇ ಕೇಳಿ ಮನೆಯಲ್ಲಿ ಅಭ್ಯಾಸ ಮಾಡುವವನಿಗೆ ಅದು ಉಪಕಾರಿ. ಆದರೆ ಕೇಳಿ ಕಲಿಯುವುದೇ ರೂಢಿಯಾಗಿ ಓದುವ ಶಕ್ತಿ ಕುಂದಿದರೆ ಗುಯಿದೊ ಕೊಟ್ಟ ವರವನ್ನು ನಾವೇ ಹಿಂದಿರುಗಿಸಿದಂತಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ವಿಧಿಯ ಸಂವಿಧಾನದಲ್ಲಿ ಪವಿತ್ರ ಸಂಗೀತದ ನಿಧಿಯನ್ನು ಕಾಪಾಡಿ ಬೆಳೆಸಬೇಕೆಂದೂ ಗಾಯನ ವೃಂದಗಳನ್ನು ಪೋಷಿಸಬೇಕೆಂದೂ ವಿಧಿಸಿದೆ. ಕಾಪಾಡುವುದು ಯಂತ್ರಕ್ಕೆ ಸಾಧ್ಯವಾದೀತು. ಬೆಳೆಸುವುದು ಮನುಷ್ಯರ ಕೆಲಸ.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇದು. ನಿಮ್ಮ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಕೈಬರಹದ ಸ್ವರಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿರಿ. ಅವನ್ನು ವೃಂದಕ್ಕೆ ತಂದು ತೋರಿಸಿರಿ. ನಕಲು ಮಾಡುವಾಗ ರಚಿಸಿದವರ ಹೆಸರನ್ನು ತಪ್ಪದೆ ಬರೆಯಿರಿ. ರಚಿಸಿದವರು ಬದುಕಿದ್ದರೆ ಅವರ ಅನುಮತಿ ಪಡೆಯಿರಿ. ಮಕ್ಕಳಿಗೆ ಮೊಬೈಲ್ ಕೊಡಿಸಿದ ನೀವು ಅದರಲ್ಲಿ ಕಾಣುವ ಐದು ಗೆರೆಗಳನ್ನು ಓದಲು ಕಲಿಯುವುದಕ್ಕೂ ವಾರಕ್ಕೊಂದು ಸಂಜೆ ಕಳುಹಿಸಿಕೊಡಿರಿ.

ತಗಡಿನ ಪೆಟ್ಟಿಗೆಯ ಮೊದಲ ಪುಸ್ತಕವನ್ನು ಯುವಕರು ಈಗ ಆ್ಯಪ್‌ಗೆ ಏರಿಸುತ್ತಿದ್ದಾರೆ. ಗರಿಗಳ ಭಾನುವಾರದ ಗೀತೆಯಲ್ಲಿ ಕೆಳಗಿನ ಎರಡು ಸಾಲುಗಳನ್ನು ಬರಿದಾಗಿಯೇ ಬಿಟ್ಟಿದ್ದೇವೆ. ಆ ಬಾಸ್ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬಂದು ಹಾಡಿ ತೋರಿಸಿರಿ, ಬರೆದುಕೊಳ್ಳುತ್ತೇವೆ.